ಸೂರ್ಯನಿಗಿಂತ ಮೊದಲೇ ನಮಸ್ಕಾರ

ನಮ್ಮ ಮನೆತನದಲ್ಲಿ ನೌಕರಿಗೆಂದು ಊರು ಬಿಟ್ಟವರಲ್ಲಿ ನನ್ನ ಅಣ್ಣನೇ ಮೊದಲಿಗ. ಆತ ಹೋದದ್ದು ಹರಿಹರಕ್ಕೆ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು. ಮೈಸೂರು ಕಿರ್ಲೋಸ್ಕರ್‌ನಲ್ಲಿ ಕೆಲಸ. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಆ ಕಾರ್ಖಾನೆಯಲ್ಲಿ ಹುಡುಗ ಇದ್ದಾನೆ ಅಂದರೆ ಆಗ ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದರು. ಆದರೂ ಅಣ್ಣ ಟ್ರಂಕು ಹಿಡಿದು ಬಸ್ಸು ಹತ್ತಿದ ದಿನ ನಮ್ಮವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೊಳಿ ನೀರು ಹಂಗೇ ಕುಡಿಬ್ಯಾಡಪ್ಪ, ಥಂಡಿ ಆಗ್ತತಿ" ಅಂದಿದ್ದಳು. ಶನಿವಾರ ಸಂಜೆ ಆತ ವಾಪಸ್ ಬಂದು ಊಟಕ್ಕೆ ಕೂತಿದ್ದ.

ಅಂಥ ಮನೆತನದ ಹುಡುಗನೊಬ್ಬ ಈಗ ಚೀನಾದಲ್ಲಿ ಮೇಷ್ಟ್ರಾಗಿದ್ದಾನೆ. ನನ್ನ ಮಗ. ಯುನ್ನಾನ್ ಪ್ರಾಂತ್ಯದ ರಾಜಧಾನಿ ಕುನ್‌ಮಿಂಗ್‌ನಲ್ಲಿ ಯೋಗ ಕಲಿಸುತ್ತಾನೆ. ಅವನು ಅಲ್ಲಿ ನೆಲೆಯೂರಿದ ಕತೆಯನ್ನು ಅವನೇ ಬರೆಯಬೇಕು. ಆದರೆ ಅವನಿಗೆ ಬರೆಯುವ ಚಟವಿಲ್ಲ, ನನಗಿದೆ. ಅದೂ ಅಲ್ಲದೆ ಮಗ ಪರದೇಶಕ್ಕೆ ಹೋದರೆ ಹೊಸ ಬಾಳಿಗೆ ಒಗ್ಗಿಕೊಳ್ಳುವ ಕಷ್ಟ ಅವನಿಗಿಂತ ಹೆಚ್ಚು ಹಿಂದೆ ಉಳಿದವರದು. ಇದು ನನ್ನ ಗಟ್ಟಿ ಅಭಿಪ್ರಾಯ.

ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಹೆಸರಿಗೆ ತಕ್ಕಂತೆ ಮೇಷ್ಟ್ರುಗಳ ಬಡಾವಣೆ. ಬೆಳಿಗ್ಗೆ ಹಾಲಿಗೆ ನಿಂತ ಐವರಲ್ಲಿ ಮೂವರು ಪಿಂಚಣಿಯ ಮೇಷ್ಟ್ರುಗಳಾಗಿರುತ್ತಾರೆ, ಉಳಿದಿಬ್ಬರು ಹಾಸ್ಟೆಲ್ ಹುಡುಗರು. ಇಲ್ಲಿ ಮಕ್ಕಳ ದೇಶದ ಮೇಲೆ ಅಪ್ಪಂದಿರ ತೂಕ. ಅಮೆರಿಕ ಅಂದರೆ ಒಂದು ತೂಕ, ಜರ್ಮನಿಗೆ ಇನ್ನೊಂದು, ದುಬೈಗೆ ಸ್ವಲ್ಪ ಕಡಿಮೆ. ಚೀನಾ ಅಂದೊಡನೆ ತಕ್ಕಡಿ ಯಾವ ಕಡೆ ವಾಲಬೇಕೆಂದು ತಿಳಿಯದೆ ನಿಂತುಬಿಡುತ್ತದೆ.

"ಎಂಬಿಬಿಎಸ್ ಓದಾಕೆ ಹೋಗ್ಯಾನೇನ್ರಿ?"

"ಓದಾಕಲ್ಲ, ಕಲಿಸಾಕೆ."

"ಏನು ಕಲಿಸ್ತಾನೆ?"

"ಯೋಗ."

"ಅಷ್ಟಕ್ಕ ಅಲ್ಲಿಗಂಟ ಹೋಗಬೇಕಿತ್ತಾ?"

ಈ 'ಅಷ್ಟಕ್ಕ' ನನ್ನನ್ನು ಬಹಳ ದಿನ ಕಾಡಿತು. ಮೇಷ್ಟ್ರಾಗಿದ್ದವನು ಸುಮ್ಮನಿರಲು ಸಾಧ್ಯವೇ? ಹಳೆಯ ಪುಸ್ತಕಗಳನ್ನು ತೆರೆದು ಕೂತೆ. ಉತ್ತರ ಸಿಕ್ಕಿದ್ದು ನಮ್ಮ ಹಳೇ ಜಿಲ್ಲೆಯಲ್ಲೇ. ದಾವಣಗೆರೆಗೆ ಸ್ವಂತ ಜಿಲ್ಲೆಯ ಪಟ್ಟ ಸಿಕ್ಕಿದ್ದು 1997ರಲ್ಲಿ. ಅದಕ್ಕೂ ಮೊದಲು ನಾವೂ ಹರಿಹರದವರೂ ಚಿತ್ರದುರ್ಗ ಜಿಲ್ಲೆಯವರು. ಆ ಚಿತ್ರದುರ್ಗ ಜಿಲ್ಲೆಯ ಮುಚುಕುಂಟೆ ಎಂಬ ಹಳ್ಳಿಯಲ್ಲಿ 1888ರಲ್ಲಿ ಹುಟ್ಟಿದವರು ತಿರುಮಲೈ ಕೃಷ್ಣಮಾಚಾರ್ಯರು. ಇವತ್ತು ಜಗತ್ತಿನ ಯಾವುದೇ ಪಟ್ಟಣದಲ್ಲಿ ಚಾಪೆ ಹಾಸಿ ಆಸನ ಕಲಿಸುವವರ ಗುರುಪರಂಪರೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಬಹಳಷ್ಟು ಸಲ ಇವರ ಮನೆ ಬಾಗಿಲಿಗೇ ಬರುತ್ತೇವೆ. 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸ್ ಇಬ್ಬರೂ ಇವರ ಶಿಷ್ಯರು.

ಮೂರನೆಯ ಶಿಷ್ಯೆಯೊಬ್ಬಳಿದ್ದಾಳೆ, ನನ್ನ ವಾದಕ್ಕೆ ಬೇಕಾದವಳು ಅವಳೇ. ರೀಗಾ ನಗರದಲ್ಲಿ ಹುಟ್ಟಿದ ಯೂಜೀನಿ ಪೀಟರ್ಸನ್. 1937ರ ಸುಮಾರಿಗೆ ಮೈಸೂರಿಗೆ ಬಂದು ನನಗೂ ಕಲಿಸಿ ಎಂದಳು. ಹೆಂಗಸರಿಗೆ, ಅದರಲ್ಲೂ ಪರದೇಶದವರಿಗೆ ಕಲಿಸುವುದಿಲ್ಲ ಎಂದು ಆಚಾರ್ಯರು ಖಂಡತುಂಡವಾಗಿ ಹೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಒಂದು ಮಾತು ಹೇಳಿದ ಮೇಲೆ ಒಪ್ಪಿದರು. ಒಪ್ಪಿದ ಮೇಲೆ ಬಿಗಿಯಾಗಿಯೇ ಕಲಿಸಿದರು. ಆಕೆ ಇಂದ್ರಾದೇವಿಯಾದಳು. ಗಂಡ ಜೆಕ್ ರಾಜತಾಂತ್ರಿಕ. 1939ರಲ್ಲಿ ಅವನಿಗೆ ಶಾಂಘೈಗೆ ವರ್ಗವಾಯಿತು. ಅಲ್ಲಿ ಆಗಿನ ಚೀನಾದ ನಾಯಕ ಚಿಯಾಂಗ್ ಕೈ-ಶೇಕ್‌ರ ಪತ್ನಿ ಸೂಂಗ್ ಮೇಲಿಂಗ್‌ಗೆ ಸೇರಿದ ಬಂಗಲೆಯಲ್ಲಿ ಇಂದ್ರಾದೇವಿ ಯೋಗಶಾಲೆ ತೆರೆದಳು. ಅಂದರೆ ಮುಚುಕುಂಟೆಯ ವಿದ್ಯೆ ಮೈಸೂರಿನ ಮೇಲೆ ಹಾದು ಶಾಂಘೈಗೆ ಹೋಗಿ ಎಂಬತ್ತು ವರ್ಷ ದಾಟಿದೆ. ನನ್ನ ಮಗ ಹೊಸದಾಗಿ ಏನನ್ನೂ ಮಾಡಿಲ್ಲ, ಹಳೇ ದಾರಿಯಲ್ಲೇ ಹೋಗಿದ್ದಾನೆ. ಇದನ್ನೆಲ್ಲ ಹಾಲಿನ ಬೂತಿನ ಹತ್ತಿರ ವಿವರಿಸಿದೆ. "ಹೌದಾ" ಎಂದರು. ಹಾಲು ಬಂತು.

ಹೋಗುವ ಮೊದಲಿನ ಕಾಗದಪತ್ರಗಳ ಕತೆಯನ್ನು ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಸುಸ್ತಾಗುತ್ತದೆ. ಚೀನಾದಲ್ಲಿ ಕೆಲಸದ ಪರವಾನಗಿ ಬೇಕಾದರೆ ಸಾಮಾನ್ಯವಾಗಿ ಪದವಿ ಇರಬೇಕು, ಎರಡು ವರ್ಷದ ಅನುಭವ ಇರಬೇಕು, ಪೊಲೀಸರಿಂದ ಸಚ್ಚಾರಿತ್ರ್ಯದ ಪತ್ರ ಬೇಕು. ಅವನು ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯಲ್ಲಿ ಯೋಗ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿಕೊಂಡದ್ದು ಕೈಹಿಡಿಯಿತು. "ಯೋಗದಾಗೂ ಎಂ.ಎಸ್ಸಿ. ಐತಾ?" ಎಂದು ನಕ್ಕಿದ್ದ ನೆಂಟರಿದ್ದಾರೆ. ಆ ಪ್ರಮಾಣಪತ್ರಕ್ಕೆ ಬೆಂಗಳೂರಿನಲ್ಲಿ ಒಂದು ಮೊಹರು, ಅದರ ಮೇಲೆ ವಿದೇಶಾಂಗ ಇಲಾಖೆಯ ಇನ್ನೊಂದು ಮೊಹರು. ಆಮೇಲೆ ಚೀನಾದ ರಾಯಭಾರ ಕಚೇರಿಗೆ ಅಲೆದಾಟ. ಅವನು ಹೊರಟದ್ದು 2024ರಲ್ಲಿ. ಎರಡು ದೇಶಗಳ ನಡುವಿನ ನೇರ ವಿಮಾನ 2020ರಲ್ಲಿ ನಿಂತದ್ದು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಹಾಗಾಗಿ ಪಕ್ಕದ ದೇಶಕ್ಕೆ ಬ್ಯಾಂಕಾಕ್ ಸುತ್ತಿಕೊಂಡು ಹೋದ.

ಹೋದವನು ಕ್ಷೇಮವಾಗಿ ತಲುಪಿದ್ದೇನೆ ಎಂದು ಹೇಳಬೇಕಲ್ಲ? ಅಸಲಿ ತೊಂದರೆ ಶುರುವಾದದ್ದು ಇಲ್ಲಿ. ನಮ್ಮ ಮನೆಯಾಕೆಯ ಪ್ರಪಂಚ ನಡೆಯುವುದು ವಾಟ್ಸ್ಆ್ಯಪ್‌ನಲ್ಲಿ. ಅದು ಚೀನಾದಲ್ಲಿ ನಡೆಯುವುದಿಲ್ಲ. ಚೀನಾದವರೆಲ್ಲ ಬಳಸುವುದು ವೀಚಾಟ್. ಅದನ್ನು ನಮ್ಮ ಸರ್ಕಾರ 2020ರ ಜೂನ್‌ನಲ್ಲೇ ಉಳಿದ ಐವತ್ತೆಂಟು ಆ್ಯಪ್‌ಗಳ ಜೊತೆಗೆ ಮುಚ್ಚಿಸಿದೆ. ಅಲ್ಲಿಯದು ಇಲ್ಲಿ ಬಾರದು, ಇಲ್ಲಿಯದು ಅಲ್ಲಿ ಸಲ್ಲದು. ಎರಡು ಸರ್ಕಾರಗಳು ಗಡಿಯಲ್ಲಿ ಮಾಡಿಕೊಂಡ ಜಗಳಕ್ಕೆ ವಿದ್ಯಾನಗರದ ಅಡುಗೆಮನೆಯಲ್ಲಿ ದಂಡ ಕಟ್ಟಬೇಕಾಯಿತು. ಕೊನೆಗೆ ಎದುರುಮನೆಯ ಎಂಜಿನಿಯರಿಂಗ್ ಹುಡುಗ ದಾರಿ ತೋರಿಸಿದ. ಕಂಪನಿಗಳವರು ಮೀಟಿಂಗ್ ಮಾಡುವ ಟೀಮ್ಸ್ ಎರಡೂ ಕಡೆ ನಡೆಯುತ್ತದೆ, ಅದರಲ್ಲಿ ಮಾತಾಡಿ ಎಂದ.

ಅಂದಿನಿಂದ ನಮ್ಮ ಮನೆಯಲ್ಲಿ ಮೀಟಿಂಗ್. ಆಕೆ ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು, ತಲೆ ಬಾಚಿಕೊಂಡು ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ಕೂರುತ್ತಾಳೆ. ಪರದೆಯ ಮೇಲೆ, ಮೀಟಿಂಗ್ ನಡೆಸುವವರು ಒಳಗೆ ಬಿಡುವವರೆಗೆ ಕಾಯಿರಿ ಎಂಬರ್ಥದ ಸಾಲು ಬರುತ್ತದೆ. ಮೊದಲ ಸಲ ಎದುರುಮನೆ ಹುಡುಗನಿಂದ ಅದನ್ನು ಓದಿಸಿಕೊಂಡು, "ಹೆತ್ತವಳಿಗೆ ಪರ್ಮಿಶನ್ನಾ!" ಎಂದು ಸಿಟ್ಟಾಗಿದ್ದಳು. ಈಗ ಪಳಗಿದ್ದಾಳೆ. ಮಾತಿನ ನಡುವೆ ಮಗ "ಅಮ್ಮ, ಮ್ಯೂಟ್ ತೆಗಿ" ಅಂದರೆ ತೆಗೆಯುತ್ತಾಳೆ. ಸೊಸೆ ನೋಡುವ ವಿಷಯ ಬಂದಾಗ ಅವನ ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಇದರಲ್ಲಿ ಚೀನಾ ಸರ್ಕಾರದ ಪಾತ್ರವಿಲ್ಲ ಎಂದು ನನಗೆ ಗೊತ್ತು. ಆಕೆಗೆ ಹೇಳಿಲ್ಲ.

ಹೊತ್ತಿನದು ಇನ್ನೊಂದು ತಕರಾರು. ಅಷ್ಟು ದೊಡ್ಡ ದೇಶಕ್ಕೆಲ್ಲ ಒಂದೇ ಗಡಿಯಾರ, ಬೀಜಿಂಗ್ ಸಮಯ. ನಮಗಿಂತ ಎರಡೂವರೆ ತಾಸು ಮುಂದೆ. ಕುನ್‌ಮಿಂಗ್ ಇರುವುದೋ ನೈಋತ್ಯದ ಮೂಲೆಗೆ. ಗಡಿಯಾರ ಬೀಜಿಂಗ್‌ನವರ ಮಾತು ಕೇಳುತ್ತದೆ, ಸೂರ್ಯ ಕೇಳುವುದಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆಯ ಹತ್ತಿರಹತ್ತಿರ. ನಮ್ಮವನ ಮೊದಲ ತರಗತಿ ಏಳಕ್ಕೆ. ಆಫೀಸಿಗೆ ಹೋಗುವ ಹೆಂಗಸರು ಕತ್ತಲಲ್ಲೇ ಬಂದು ಸೂರ್ಯನಮಸ್ಕಾರ ಮುಗಿಸಿ, ಸ್ನಾನ ಮಾಡಿ ಹೊರಡುವ ಹೊತ್ತಿಗೆ ಸೂರ್ಯ ಬರುತ್ತಾನೆ. "ಯಾರಿಗೆ ನಮಸ್ಕಾರ ಮಾಡ್ತೀರಪ್ಪ?" ಎಂದು ಕೇಳಿದೆ. "ಅಡ್ವಾನ್ಸ್, ಅಪ್ಪಾಜಿ" ಎಂದ.

ಊಟದ ಬಗ್ಗೆ ಬಡಾವಣೆಯಲ್ಲಿ ನೂರೆಂಟು ಅನುಮಾನಗಳಿದ್ದವು. ಹಾವು, ಕಪ್ಪೆ, ಜಿರಲೆ ಎಂದು ಪಟ್ಟಿಯನ್ನೇ ಕೊಟ್ಟರು. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಅವನು ಪೇಚಾಡಿದ್ದು ಹಾವಿಗಲ್ಲ, ಸಾರಿಗೆ. ಮಾಂಸ ಬೇಡ ಅಂದರೆ ತುಂಡುಗಳನ್ನು ತೆಗೆದುಕೊಡುತ್ತಾರೆ, ಅಕ್ಕಿ ಶಾವಿಗೆ ಮುಳುಗಿರುವ ಸಾರು ಎಲುಬು ಕುದಿಸಿದ್ದೇ ಆಗಿರುತ್ತದೆ. ಆಮೇಲೆ ಯುವಾನ್‌ತೊಂಗ್ ಎಂಬ ಹಳೆಯ ಬೌದ್ಧ ದೇವಸ್ಥಾನದ ಆಸುಪಾಸಿನಲ್ಲಿ ಸಸ್ಯಾಹಾರದ ಊಟ ಸಿಗುವುದು ಗೊತ್ತಾಯಿತು. ಯುನ್ನಾನ್‌ನವರು ಆಡಿನ ಹಾಲಿನಿಂದ ಪನೀರಿನಂಥದ್ದನ್ನು ಮಾಡಿ ಹೆಂಚಿನ ಮೇಲೆ ಕಾಯಿಸುತ್ತಾರೆ. ಮೆಣಸಿನಕಾಯಿ ಬೇಕಾದಷ್ಟಿದೆ, ಶೇಂಗಾ ಇದೆ, ಕೊತ್ತಂಬರಿ ಇದೆ. ಇಷ್ಟಿದ್ದರೆ ದಾವಣಗೆರೆಯವನು ಸಾಯುವುದಿಲ್ಲ.

ಜೋಳದ ವಿಷಯದಲ್ಲಿ ಮಾತ್ರ ನನಗೆ ಬೇಜಾರಾಯಿತು. ಚೀನಾದಲ್ಲಿ ಜೋಳ ಧಾರಾಳ ಬೆಳೆಯುತ್ತದೆ. ಆದರೆ ಅದರ ದೊಡ್ಡ ಪಾಲು ಹೋಗುವುದು ಭಟ್ಟಿಗೆ. ಅವರ ದೇಶದ ಹೆಸರಾಂತ ಮಾವ್‌ತಾಯ್ ಎಂಬ ಹೆಂಡ ಇಳಿಯುವುದು ಜೋಳದಿಂದಲೇ. ನಾವು ಬಡಿದು ತಿನ್ನುವುದನ್ನು ಅವರು ಬಟ್ಟಿ ಇಳಿಸಿ ಕುಡಿಯುತ್ತಾರೆ. ಮಗ ಮಾರುಕಟ್ಟೆಯಲ್ಲಿ ಹುಡುಕಿ ಜೋಳದ ಹಿಟ್ಟು ತಂದನಂತೆ, ಕೆಂಪು ಹಿಟ್ಟು. ಬಿಸಿನೀರು ಹಾಕಿ ನಾದಿದರೂ ಅಂಚು ಒಡೆದು ರೊಟ್ಟಿ ಭೂಪಟವಾಯಿತಂತೆ. ಮೀಟಿಂಗ್‌ನಲ್ಲಿ ಅದನ್ನು ತೋರಿಸಿದ. ನಮ್ಮಾಕೆ ಬಹಳ ಹೊತ್ತು ನೋಡಿ, "ಹೆಸರು ರೊಟ್ಟಿ ಅಂತ ಇಡಬ್ಯಾಡ ಅದಕ್ಕೆ" ಎಂದಳು.

ಕಳೆದ ಡಿಸೆಂಬರ್‌ನಲ್ಲಿ ನಾವಿಬ್ಬರೂ ಹೋಗಿಬಂದೆವು. ಚೀಲದಲ್ಲಿ ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಕಾರದ ಮಂಡಕ್ಕಿ. ಕುನ್‌ಮಿಂಗ್ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದ ಊರು. ಹಗಲು ಹಿತವಾದ ಬಿಸಿಲು, ರಾತ್ರಿ ಚಳಿ. ಮೊದಲ ದಿನವೇ ಆಕೆ ಚೀನಾದವರನ್ನು ಮೆಚ್ಚಿಕೊಂಡಳು. ಯಾವ ಹೋಟೆಲಿನಲ್ಲಿ ಕೂತರೂ ಮೊದಲು ಬಿಸಿನೀರು ತಂದಿಡುತ್ತಿದ್ದರು. "ಬಿಸಿನೀರು ಕುಡಿಯೋ ಮಂದಿ ಕೆಟ್ಟೋರಿರಲ್ಲ ಬಿಡ್ರಿ" ಎಂದು ತೀರ್ಪು ಕೊಟ್ಟಳು. ವಿದೇಶಾಂಗ ನೀತಿಯ ಮೇಲೆ ನಾನು ಓದಿದ ಲೇಖನಗಳೆಲ್ಲ ಇದರ ಮುಂದೆ ಸಪ್ಪೆ.

ಹಾಗೆಂದು 1962ರ ಯುದ್ಧ ನನಗೆ ಮರೆತಿಲ್ಲ, ಗಾಲ್ವಾನ್ ಕಣಿವೆಯ ಘರ್ಷಣೆಯಂತೂ ನಿನ್ನೆ ಮೊನ್ನೆಯದು. ಹೊರಡುವಾಗ ಒಬ್ಬರು ಮುಖಕ್ಕೇ ಹೇಳಿದ್ದರು, ಶತ್ರು ದೇಶಕ್ಕೆ ಮಗನನ್ನು ಕಳಿಸಿದ್ದೀರಿ ಎಂದು. ಅವರಿಗೆ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್‌ರ ಹೆಸರು ಹೇಳಿದೆ. ಜಪಾನಿನವರು ಚೀನಾದ ಮೇಲೆ ಬಿದ್ದಿದ್ದ ಕಾಲದಲ್ಲಿ, 1938ರಲ್ಲಿ, ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಉಳಿದವರು ಮರಳಿದರೂ ಇವರು ಮರಳಲಿಲ್ಲ. ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಚೀನೀ ಭಾಷೆ ಕಲಿತು ಅದರಲ್ಲೇ ಅಲ್ಲಿನ ಹುಡುಗರಿಗೆ ವೈದ್ಯವಿದ್ಯೆ ಕಲಿಸಿದರು. ಅಲ್ಲೇ ಮದುವೆಯಾದರು. 1942ರ ಡಿಸೆಂಬರ್‌ನಲ್ಲಿ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡರು. ಅವರ ಸಮಾಧಿಗೆ ಇವತ್ತಿಗೂ ಹೂವು ಇಡುತ್ತಾರೆ. ಗಡಿ ಕಾಯುವವರು ಕಾಯಲಿ, ಪಾಠ ಹೇಳುವವರು ಹೇಳುತ್ತಿರಲಿ. ಎರಡೂ ಕೆಲಸ ಒಟ್ಟಿಗೆ ನಡೆಯಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಮಗನ ತರಗತಿಯನ್ನು ನೋಡಿದ್ದು ಒಂದು ಸಂಜೆ. ದೊಡ್ಡ ಅಂಗಡಿ ಸಂಕೀರ್ಣದ ಮೇಲಿನ ಮಹಡಿ, ಮರದ ನೆಲ, ಒಂದು ಗೋಡೆ ಪೂರ್ತಿ ಕನ್ನಡಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಬೇಕು. ನನಗೆ ಹಿಂದೆ ಒಂದು ಕುರ್ಚಿ ಹಾಕಿದ್ದರು. ಬಹುತೇಕ ಹೆಂಗಸರೇ, ಇಪ್ಪತ್ತೈದರಿಂದ ಅರವತ್ತರವರೆಗೆ. ಇವನು ಇಂಗ್ಲಿಷಿನಲ್ಲಿ ಹೇಳುತ್ತಾನೆ, ಪಕ್ಕದಲ್ಲಿ ನಿಂತ ಹುಡುಗಿ ಚೀನಿಯಲ್ಲಿ ಹೇಳುತ್ತಾಳೆ. ಎಣಿಕೆ ಮಾತ್ರ ಸಂಸ್ಕೃತದಲ್ಲಿ. "ಏಕಂ, ದ್ವೇ, ತ್ರೀಣಿ" ಎಂದು ಅವರೂ ಜೊತೆಗೆ ಎಣಿಸುತ್ತಾರೆ. ತ್ರಿಕೋನಾಸನದಲ್ಲಿ ಒಬ್ಬಾಕೆಯ ಕೈ ನೆಲ ಮುಟ್ಟುತ್ತಿತ್ತು, ಆದರೆ ಎದೆ ಕೆಳಮುಖವಾಗಿತ್ತು. ಅವನು ಒಂದು ಮರದ ಇಟ್ಟಿಗೆ ತಂದು ಅವಳ ಅಂಗೈಯ ಕೆಳಗಿಟ್ಟ. ಒಪ್ಪಿಗೆ ಕೇಳಿ, ಎರಡೇ ಬೆರಳಿನಲ್ಲಿ ಮೇಲಿನ ಭುಜವನ್ನು ಹಿಂದಕ್ಕೆ ತಿರುಗಿಸಿದ. "ನಿಧಾನ... ನಿಧಾನ" ಎಂದ, ಕನ್ನಡದಲ್ಲಿ. ಅನುವಾದದ ಹುಡುಗಿ ಸುಮ್ಮನಿದ್ದಳು. ಅದನ್ನು ಅನುವಾದಿಸುವ ಅಗತ್ಯ ಯಾವಾಗಲೋ ಮುಗಿದಿತ್ತು. ಇಡೀ ತರಗತಿ ಒಟ್ಟಿಗೆ ಉಸಿರು ಬಿಟ್ಟಿತು. ನಾನು ಬದುಕಿನುದ್ದಕ್ಕೂ "ಸದ್ದು ನಿಲ್ಲಿಸ್ರಲೇ" ಎಂದು ಡಸ್ಟರ್ ಬಡಿದವನು. ಇಂಥ ವಿಧೇಯತೆಯನ್ನು ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೆ ತಪ್ಪಾಗಲಾರದು.

ಮುಗಿದ ಮೇಲೆ ಅವರ ಪ್ರಶ್ನೆಗಳು. ನಿಮ್ಮ ಗುರು ಯಾರು, ಅವರ ಗುರು ಯಾರು, ಬೆನ್ನುಹುರಿಯ ಎಷ್ಟನೇ ಮೂಳೆ ಬಾಗಬೇಕು. ಮೈ ಇಳಿಯಲು ಎಷ್ಟು ದಿನ ಬೇಕು ಎಂದು ಕೇಳುವವರೂ ಇದ್ದಾರೆ, ಆ ಪ್ರಶ್ನೆಗೆ ಗಡಿಯಿಲ್ಲ. ಇವರಲ್ಲಿ ಹಿರಿಯರು ಕೆಲವರು 1985ರಿಂದ ಅಲ್ಲಿನ ಸರ್ಕಾರಿ ಟಿ.ವಿ.ಯಲ್ಲಿ ಝಾಂಗ್ ಹುಯಿಲಾನ್ ಎಂಬಾಕೆ ತೋರಿಸುತ್ತಿದ್ದ ಯೋಗ ನೋಡಿಯೇ ಚಾಪೆ ಹಾಸಿದವರು. 2011ರಲ್ಲಿ ತೊಂಬತ್ತೆರಡರ ಅಯ್ಯಂಗಾರ್ ಗುವಾಂಗ್‌ಝೌಗೆ ಬಂದು ಪಾಠ ಮಾಡಿದ್ದರು. 2015ರಲ್ಲಿ ಕುನ್‌ಮಿಂಗ್‌ನ ವಿಶ್ವವಿದ್ಯಾಲಯವೊಂದರಲ್ಲೇ ಭಾರತ-ಚೀನಾ ಯೋಗ ಕಾಲೇಜು ಬಂತು. ಅಂದರೆ ನಮ್ಮವನು ಹೋಗುವ ಹೊತ್ತಿಗೆ ನೆಲ ಹದವಾಗಿತ್ತು. ಸೆಪ್ಟೆಂಬರ್ 10 ಅಲ್ಲಿ ಶಿಕ್ಷಕರ ದಿನ. ಆ ದಿನ ಅವನಿಗೆ ಬಂದ ಹೂಗುಚ್ಛಗಳನ್ನು ಮೀಟಿಂಗ್‌ನಲ್ಲಿ ತೋರಿಸಿದ್ದ. ಐದು ದಿನ ಮೊದಲು, ನಮ್ಮ ಶಿಕ್ಷಕರ ದಿನದಂದು, ನನಗೆ ಹಳೆಯ ಶಿಷ್ಯನೊಬ್ಬ ಎರಡು ಕೈ ಮುಗಿದಿರುವ ಚಿತ್ರವನ್ನು ವಾಟ್ಸ್ಆ್ಯಪ್ ಮಾಡಿದ್ದ.

ಬೆಳಗಿನ ಹೊತ್ತು ನಾನು ಗ್ರೀನ್ ಲೇಕ್ ಎನ್ನುವ ಕೆರೆಯ ಸುತ್ತ ನಡೆಯುತ್ತಿದ್ದೆ. ಚಳಿಗಾಲದಲ್ಲಿ ಸೈಬೀರಿಯಾದ ಕಡೆಯಿಂದ ಸಾವಿರಾರು ಕಡಲಹಕ್ಕಿಗಳು ಬಂದು ಇಳಿಯುತ್ತವೆ. ನನ್ನ ವಯಸ್ಸಿನವರು ಕಬ್ಬಿಣದ ಕಟಕಟೆಯ ಮೇಲೆ ಒಂದು ಕಾಲು ಎತ್ತಿಟ್ಟು, ಮಂಡಿಗೆ ಹಣೆ ಮುಟ್ಟಿಸಿ, ಆರಾಮಾಗಿ ಹರಟೆ ಹೊಡೆಯುತ್ತಿರುತ್ತಾರೆ. ಭಾರತದವನು ಎಂದು ತಿಳಿದ ಒಬ್ಬ ಮುದುಕ ರಾಜ್ ಕಪೂರನ 'ಆವಾರಾ' ಹಾಡಿನ ಧಾಟಿಯನ್ನು ಗುನುಗಿದ. ಅವನ ಮೊಮ್ಮಗ 'ದಂಗಲ್' ಎಂದ. ಆಮೇಲೆ ಮುದುಕ ತನ್ನ ಕಾಲನ್ನು ತೋರಿಸಿ, ನನ್ನ ಕಾಲನ್ನು ತೋರಿಸಿ, ನೀನೂ ಎತ್ತು ಎಂದು ಸನ್ನೆ ಮಾಡಿದ. ಯೋಗದ ದೇಶದವನು ನಾನು! ಕಾಲು ಸೊಂಟದ ಎತ್ತರಕ್ಕೆ ಬರಲು ಒಪ್ಪಲೇ ಇಲ್ಲ. ನಮ್ಮೂರಿನ ಕುಂದವಾಡ ಕೆರೆಯ ಏರಿಯ ಮೇಲೆ ಇಷ್ಟು ವರ್ಷ ನಾನು ಮಾಡಿದ್ದು ನಡಿಗೆಯಲ್ಲ, ರಾಜಕೀಯ ಚರ್ಚೆ.

ಈ ಮುಖಭಂಗದಿಂದ ನೆನಪಾದದ್ದು ನಮ್ಮ ಬಡಾವಣೆಯ ಪಾರ್ಕು. ಮಗ ಹೋಗುವ ಮೊದಲು ಅಲ್ಲಿ ಬೆಳಿಗ್ಗೆ ಆರಕ್ಕೆ ಪುಕ್ಕಟೆ ಕಲಿಸುತ್ತಿದ್ದ. ಮಳೆ ಬಂದರೆ ಯಾರೂ ಇಲ್ಲ, ಚಳಿ ಇದ್ದರೆ ಇಬ್ಬರು. ಜೂನ್ 21ರ ಯೋಗ ದಿನ ಬಂದರೆ ಮಾತ್ರ ಇನ್ನೂರು ಜನ, ಬ್ಯಾನರು, ಮೈಕು, ಗಣ್ಯರ ಭಾಷಣ. ಅವನಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ತಿಂಗಳಿಗೆ ನೂರು ರೂಪಾಯಿ ಇಟ್ಟುಕೊಳ್ಳೋಣ ಎಂದು ಒಮ್ಮೆ ಮಾತು ಬಂದಿತ್ತು. ಯೋಗಕ್ಕೆ ದುಡ್ಡೇ ಎಂದು ಹಿರಿಯರು ಗದರಿಸಿದರು. ಆ ಹಿರಿಯರ ಸಾಲಿನಲ್ಲಿ ನಾನೂ ಕೂತಿದ್ದೆ, ಸುಮ್ಮನಿದ್ದೆ. ಈಗ ಅವನಿಗೆ ಅಲ್ಲಿ ಒಂದೊಂದು ತರಗತಿಗೂ ಲೆಕ್ಕ ಹಾಕಿ ಕೊಡುತ್ತಾರೆ. ನಮ್ಮ ಪಾರ್ಕಿನಲ್ಲಿ ಅವನು ಹಾಸುತ್ತಿದ್ದ ಜಮಖಾನೆಯ ಜಾಗದಲ್ಲಿ ಹುಡುಗರು ಬೈಕು ನಿಲ್ಲಿಸುತ್ತಾರೆ. ಹರಿಹರದ ಪಂಚಮಸಾಲಿ ಪೀಠಕ್ಕೆ ಯೋಗಗುರುಗಳಾದ ವಚನಾನಂದ ಸ್ವಾಮೀಜಿಯವರೇ ಜಗದ್ಗುರುಗಳಾಗಿ ಬಂದರು. ಯೋಗದ ಮಾತಿಗೆ ಈ ಸೀಮೆಯಲ್ಲಿ ಬರವಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಬಂದು ನಿಮ್ಮ ಬೆನ್ನು ಡೊಂಕಾಗಿದೆ ಎಂದು ಹೇಳುವವರಿಗೆ ಬರ.

ಮೊನ್ನೆ ಪಾರ್ಕಿನ ಸಮಿತಿ ಸೇರಿದ್ದೆವು. ಈ ಸಲ ನಾನು ಬಾಯಿ ಬಿಟ್ಟೆ. ತಲಾ ಮುನ್ನೂರು ರೂಪಾಯಿ ಎಂದು ತೀರ್ಮಾನವಾಗಿದೆ, ಮೂರು ತಿಂಗಳದ್ದು ಮುಂಗಡ. ಮಳೆ ಬಂದರೂ ಕೊಡುತ್ತೇವೆ. ದಾವಣಗೆರೆ, ಹರಿಹರದ ಕಡೆ ಸರಿಯಾಗಿ ಕಲಿತು ಸರಿಯಾಗಿ ಕಲಿಸಬಲ್ಲ ಹುಡುಗ ಹುಡುಗಿಯರು ಯಾರಾದರೂ ಇದ್ದರೆ, ಚೀನಾಕ್ಕೆ ಅರ್ಜಿ ಹಾಕುವ ಮೊದಲು ಒಮ್ಮೆ ವಿದ್ಯಾನಗರಕ್ಕೆ ಬಂದು ನಮ್ಮನ್ನು ನೋಡಿ. ಬೆಳಿಗ್ಗೆ ಆರಕ್ಕೆ ಇಪ್ಪತ್ತಮೂರು ಜನ ಹೆಸರು ಕೊಟ್ಟಿದ್ದೇವೆ, ಹೆಚ್ಚಿನವರಿಗೆ ಮಂಡಿ ನೋವಿದೆ.